ಹುಲಿಯದಲ್ಲದ ಹಲ್ಲು

ಮಕ್ಕಳೇ, ನಿಮ್ಮ ತಾತನ ಕೊರಳಲ್ಲಿ ಬೆಳ್ಳಿ ಕಟ್ಟು ಹಾಕಿಸಿದ ಒಂದು ಹಲ್ಲು ಇರುತ್ತಿತ್ತು. ಹೆಬ್ಬೆರಳಿಗಿಂತ ಅಗಲ, ಮೂರು ಮೂಲೆ, ಕಪ್ಪು ಬಣ್ಣ, ಅಂಚೆಲ್ಲ ಗರಗಸದ ಹಾಗೆ. ಅವರ ಅಜ್ಜ ಕೊಬ್ಬರಿ ವ್ಯಾಪಾರಕ್ಕೆ ಕರಾವಳಿಗೆ ಹೋದಾಗ ತಂದದ್ದಂತೆ. ಕೂಸಾಗಿದ್ದಾಗಲೇ ದೃಷ್ಟಿಯಾಗದಿರಲೆಂದು ಕಟ್ಟಿದ್ದರು. ಎಲ್ಲರೂ ಹುಲಿಹಲ್ಲು ಎಂದೇ ಕರೆದೆವು. ಹುಲಿಯ ಬಾಯಿ ನೋಡಿದವರು ನಮ್ಮಲ್ಲಿ ಯಾರಿದ್ದರು?

ತಾತ ಹಾಸಿಗೆ ಹಿಡಿದ ವರ್ಷ, ಹುಲಿಯ ಹಲ್ಲು, ಉಗುರು ಇಟ್ಟುಕೊಂಡವರನ್ನು ಹಿಡಿಯುತ್ತಾರೆಂದು ಟಿವಿಯಲ್ಲಿ ಬಂತು. ಪಕ್ಕದ ಮನೆಯವರು ಬಂದು, "ಏನ್ ಯಜಮಾನ್ರೇ, ಹುಲೀನ ಕೊರಳಿಗ್ ಕಟ್ಕಂಡು ಮಲಗಿದ್ದೀರಲ್ಲ, ಮಂಚದ ಸಮೇತ ಎತ್ಕಂಡೋಗ್ತಾರೆ ಕಣ್ರೀ!" ಎಂದು ನಕ್ಕರು. ತಾತನೂ ನಕ್ಕರು. ಅವರು ಹೋದಮೇಲೆ ನಿಮ್ಮಪ್ಪನನ್ನು ಕರೆದು, "ನನ್ನಿಂದ ನಿಂಗೆ ಕೇಸು ಬ್ಯಾಡ ಕಣಪ್ಪಾ, ತಗಂಡೋಗಿ ಕೊಟ್ಬಿಡು" ಎಂದರು. ದಾರ ಬಿಚ್ಚಿದವಳು ನಾನು. ಹಲ್ಲು ಇದ್ದ ಜಾಗದ ಚರ್ಮ ಮಗುವಿನದರ ಹಾಗೆ ಮೆತ್ತಗಿತ್ತು.

ನಿಮ್ಮಪ್ಪ ಅಜ್ಜಂಪುರದಲ್ಲಿ ಬಸ್ಸು ಬದಲಿಸಿ ತರೀಕೆರೆಯ ಅರಣ್ಯ ಕಚೇರಿಗೆ ಅದನ್ನು ಕೊಟ್ಟು ಬಂದ. ಪರೀಕ್ಷೆಗೆ ಕಳಿಸುತ್ತಾರಂತೆ. ಅಂದಿನಿಂದ ತಾತನ ಕೈ ಎದೆಯ ಮೇಲೆ ತಡಕಾಡುತ್ತಿತ್ತು. ಲಿಂಗ ಸಿಗುತ್ತಿತ್ತು, ಹಲ್ಲು ಇಲ್ಲ. ಒಂದು ಸಂಜೆ, "ಲೇ, ಅವ್ರಿಗೆ ಬ್ಯಾಡಾಂದ್ರೆ ವಾಪಸ್ ಇಸ್ಕಳ್ರೇ. ಮಣ್ಣಿಗೆ ಹೋಗೋವಾಗ ನನ್ ಜೊತೆಗಿರ್ಲಿ" ಎಂದರು.

"ಅಂಥಾ ಮಾತಾಡ್ಬ್ಯಾಡಿ. ಗಂಜಿ ಕುಡೀರಿ" ಎಂದೆ.

ಹಲ್ಲು ಬರುವ ಮೊದಲೇ ಅವರು ಹೋದರು. ಹೊಲದಲ್ಲಿ ಗುಣಿ ತೆಗೆದು ಕೂರಿಸಿದರು. ಮಠದ ಅಯ್ಯನವರು ಲಿಂಗವನ್ನು ಕೈಗಿಟ್ಟು ವಿಭೂತಿ ತುಂಬಿದರು. ನಾನು ಕೊರಳನ್ನೇ ನೋಡುತ್ತಿದ್ದೆ.

ತಿಂಗಳಾದ ಮೇಲೆ ಕಚೇರಿಯಿಂದ ಫೋನು ಬಂತು. ನಿಮ್ಮಪ್ಪನ ಜೊತೆ ನಾನೂ ಹೋದೆ. ಅಲ್ಲಿಯ ಅಧಿಕಾರಿ ಹಲ್ಲನ್ನು ನನ್ನ ಕೈಗೇ ಕೊಟ್ಟು, "ಅಮ್ಮಾ, ಇದು ಹುಲೀದಲ್ಲ. ಸಮುದ್ರದಲ್ಲಿದ್ದ ಭಾರಿ ಶಾರ್ಕ್ ಮೀನಿನ ಹಲ್ಲು, ಕಲ್ಲಾಗ್ಬಿಟ್ಟಿದೆ. ಆ ಜಾತಿ ಅಳಿದು ಲಕ್ಷಾಂತರ ವರ್ಷ ಆಯ್ತು. ಧಾರಾಳವಾಗಿ ಹಾಕ್ಕೊಳ್ಳಿ, ಯಾರೂ ಕೇಳಲ್ಲ" ಎಂದರು. ಹಾಕಿಕೊಳ್ಳುವವರು ಇಲ್ಲ ಎನ್ನಬೇಕೆಂದುಕೊಂಡೆ. ಕೈಮುಗಿದು ಬಂದೆ.

ಬಸ್ಸಿನಲ್ಲಿ ನಿಮ್ಮಪ್ಪ ಕಿಟಕಿಯ ಕಡೆ ತಿರುಗಿ ಅತ್ತ. "ಗುಣಿ ತೆಗ್ಸಿ ಇಡೋಣ್ವೇನಮ್ಮಾ?" ಎಂದ.

"ಮುಚ್ಚಿದ್ ಮಣ್ಣು ತೆಗೀಬಾರ್ದು. ಸುಮ್ನಿರು ಮಗಾ."

ಇದನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಹೇಳಿದರೆ ನಿಮ್ಮಪ್ಪ ಮತ್ತೆ ಅಳುತ್ತಾನೆ. ಅದಕ್ಕೇ ನಿಮಗೆ ಬರೆದಿದ್ದೇನೆ. ಹಲ್ಲು ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿದೆ. ನನ್ನ ಗುಣಿಯನ್ನು ಅವರ ಪಕ್ಕದಲ್ಲೇ ತೆಗೆಯುತ್ತಾರೆ. ಅವರಿರುವ ಮಗ್ಗುಲಿಗೆ ಅದನ್ನು ಇಟ್ಟು, ಆಮೇಲೆ ಮಣ್ಣು ಹಾಕಿ.