ಸಿಂಧನೂರಿನ ಆರೂವರೆಯ ಬಾತ್ಮಿ

ತೊಂಬತ್ತರ ದಶಕದ ನಡುವಿನ ಒಂದು ಗುರುವಾರ ಮಧ್ಯಾಹ್ನ, ಲಿಂಗಸುಗೂರಿನ ನನ್ನ ಟೀವಿ ರಿಪೇರಿ ಅಂಗಡಿಗೆ ಬೀಗ ಹಾಕಿ ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿನ ಕೇಬಲ್‌ನವರು ತಮ್ಮೂರ ಬಾತ್ಮಿಯನ್ನು ತಾವೇ ಓದುತ್ತಾರೆಂದು ಗಿರಾಕಿಗಳು ಹೇಳುತ್ತಿದ್ದರು. ಅದನ್ನು ಕಣ್ಣಾರೆ ನೋಡಬೇಕಿತ್ತು. ಕೇಬಲ್ ನಡೆಸುವ ಖಾಜಾಸಾಬರು ನನಗೆ ಹಳೆಯ ಪರಿಚಯ.

ದಾರಿ ಐವತ್ತು ಕಿಲೋಮೀಟರಿಗೂ ಹೆಚ್ಚು. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಅಲ್ಲಿಯವರೆಗೆ ಮಳೆ ಕಾಯುವ ಕರಿಹೊಲಗಳು. ಮಸ್ಕಿ ದಾಟಿದ ಮೇಲೆ ಕಾಲುವೆಯ ಸೀಮೆ, ಭತ್ತದ ಸಸಿಮಡಿಗಳ ಹಸಿರು. ಬಿಸಿಲು ಮಾತ್ರ ಎರಡೂ ಕಡೆ ಒಂದೇ.

ಖಾಜಾಸಾಬರದು ಕ್ಯಾಸೆಟ್ ಅಂಗಡಿ. ಎಂಬತ್ತರ ದಶಕದಲ್ಲಿ ಅವರು ಟೀವಿ, ವಿಸಿಆರ್‌ಗಳನ್ನು ತಳ್ಳುಗಾಡಿಯಲ್ಲಿಟ್ಟು ಮದುವೆ ಮನೆಗಳಿಗೆ ಬಾಡಿಗೆಗೆ ಒಯ್ಯುತ್ತಿದ್ದರು. ಆಮೇಲೆ ಮಾಳಿಗೆಯ ಮೇಲೆ ಡಿಶ್ ಕೂತಿತು, ಮನೆಯಿಂದ ಮನೆಗೆ ವೈರು ಹೋಯಿತು. ಮದುವೆಗಳಿಲ್ಲದ ದಿನ ಕ್ಯಾಮೆರಾ ಸುಮ್ಮನಿರಬಾರದೆಂದು ಊರಿನ ಭಜನೆ, ಮೊಹರಮ್ಮಿನ ಅಲಾಯಿ ಪದ, ಹೆಂಗಸರ ಅಡುಗೆ ತೋರಿಸತೊಡಗಿದರು. ಕೊನೆಗೆ ಬಂದದ್ದು ಬಾತ್ಮಿ. ಓದುವವರು ಬಾಲವಾಡಿಯ ಗೌರಮ್ಮ ಟೀಚರು. ಅದರಲ್ಲಿ ಜನ ಕಾದು ಕೇಳುತ್ತಿದ್ದುದು ಕಾಲುವೆ ನೀರಿನ ಸರದಿ, ಯಾವ ಊರಿಗೆ ಯಾವತ್ತು ನೀರು ಎಂಬುದು. ವೈರು ಮುಟ್ಟದ ಹಳ್ಳಿಗಳವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತು ನೋಡಿ ಸುದ್ದಿ ಒಯ್ಯುತ್ತಿದ್ದರು.

ಅಂಗಡಿಯ ಮೇಲಿನ ಕೋಣೆಯೇ ಸ್ಟುಡಿಯೊ. ಗೋಡೆಗೆ ನೀಲಿ ಚಾದರ, ಒಂದು ಮೇಜು, ಎರಡು ದೊಡ್ಡ ಬಲ್ಬು. ಸದ್ದು ಬರುತ್ತದೆಂದು ಫ್ಯಾನು ಬಂದ್ ಮಾಡಿದ್ದರು. ನಾನು ಹೋದಾಗ ಕಾಲುವೆಯ ಕೊನೆಯ ಹಳ್ಳಿಯ ಈರಪ್ಪನೆಂಬ ರೈತ ಗೌರಮ್ಮನೆದುರು ನಿಂತಿದ್ದ.

‘ನಮ್ಮೂರಿಗೆ ಶುಕ್ರವಾರ ನೀರು ಅಂತ ನೀವ ಓದಿದ್ರಿ ಅಕ್ಕಾರ. ನಿನ್ನೆ ಬುಧವಾರನ ಬಂದು ಹೋಗ್ಯಾವ. ಹೊಲದಾಗ ಒಬ್ರೂ ಇದ್ದಿಲ್ಲ. ಸಸಿ ಒಣಗಾಕತ್ಯಾವ.’

ಗೌರಮ್ಮ ನೀರಾವರಿ ಕಚೇರಿಯವರು ಬರೆದುಕೊಟ್ಟಿದ್ದ ಮಂಗಳವಾರದ ಚೀಟಿ ಹುಡುಕಿ ತೆಗೆದರು. ಅದರಲ್ಲಿ ಬುಧವಾರ ಎಂದೇ ಇತ್ತು. ‘ನಾನ ತಪ್ಪು ಓದೀನಿ’ ಎಂದರು. ‘ಇವತ್ತ ಬಾತ್ಮಿಯಾಗ ಹೇಳತೀನಿ.’

‘ಬ್ಯಾಡ ಟೀಚರ್’ ಎಂದರು ಖಾಜಾಸಾಬರು. ‘ಒಮ್ಮೆ ತಪ್ಪು ಅಂದ್ರ ನಾಳೆಯಿಂದ ನಮ್ಮ ಬಾತ್ಮಿ ಯಾರು ನಂಬತಾರ? ಇವರ ಊರಿಗೆ ನಾ ಹೋಗಿ ಮಾತಾಡತೀನಿ.’

‘ಊರ ಮಂದಿ ಮುಂದ ತಪ್ಪು ಓದೀನಿ. ಒಂದು ಮನಿಯಾಗ ಕುಂತು ಹೇಳಿದ್ರ ಹೆಂಗ್ರೀ? ಬ್ಯಾಡ ಅಂದ್ರ ಇವತ್ತ ನಾ ಓದಂಗಿಲ್ಲ.’

ಖಾಜಾಸಾಬರು ಕ್ಯಾಮೆರಾದ ಹಿಂದೆ ಹೋಗಿ ನಿಂತರು.

ಆರೂವರೆಗೆ ಬಲ್ಬು ಹತ್ತಿದವು. ಗೌರಮ್ಮ ಮೊದಲು ಆ ಊರಿನ ಹೆಸರು ಹೇಳಿದರು. ‘ಸರದಿ ತಪ್ಪು ಓದಿದಾಕಿ ನಾನು. ಚೀಟಿ ಬರದವರದು ತಪ್ಪಿಲ್ಲ. ನನ್ನಿಂದ ಆ ಊರಿನವರ ನೀರು ಹೋತು. ತಪ್ಪಾತು’ ಎಂದು ಕೈಮುಗಿದರು. ಆಮೇಲೆ ಉಳಿದ ಬಾತ್ಮಿ ಓದಿದರು.

ಬಾತ್ಮಿ ಮುಗಿದು ನಾವೆಲ್ಲ ಕೆಳಗೆ ಅಂಗಡಿಗೆ ಇಳಿದ ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು. ಖಾಜಾಸಾಬರು ಬೈಗುಳವೆಂದೇ ತಿಳಿದು ಅಂಜುತ್ತ ಎತ್ತಿದರು. ಅದೇ ಕಾಲುವೆಯ ಮೇಲ್ಭಾಗದಲ್ಲಿ ಆಂಧ್ರದವರು ಬಂದು ನೆಲೆಸಿದ ಕ್ಯಾಂಪಿನ ರಾಮರಾಜು ಎಂಬ ರೈತ. ತೆಲುಗು ಬೆರೆಸಿದ ಕನ್ನಡದ ಆ ಜೋರು ದನಿ ನನಗೂ ಕೇಳಿಸಿತು. ‘ಟೀಚರಮ್ಮಗೆ ಚೆಪ್ಪಂಡಿ, ಹೇಳ್ರಿ, ಸರದಿ ಈಗ ನಮ್ದೇ ಐತಿ. ನಮ್ಮ ಮಡಿ ತುಂಬ್ಯಾವು. ಮುಂಜಾನಿ ತೂಬು ಮುಚ್ಚತೀವಿ, ಕೆಳಗಿನವರು ನೀರು ಬಿಟ್ಟುಕೊಳ್ಳಲಿ.’

ಈರಪ್ಪ ಊರಿಗೆ ಹೋಗುವ ಕಡೇ ಬಸ್ಸಿಗೆ ಓಡಿದ.

ಆ ದಿನ ನಾನು ಖಾಜಾಸಾಬರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಹೊರಡುವವನು ನೀರಿನ ಸುದ್ದಿ ತಿಳಿಯದೆ ಹೋಗಲಾಗದೆ ಅಂಗಡಿಯಲ್ಲಿ ಕೂತೆ. ಗೌರಮ್ಮನೂ ಬಾಲವಾಡಿ ಬಿಟ್ಟು ನೇರ ಅಲ್ಲಿಗೇ ಬಂದರು. ಮಧ್ಯಾಹ್ನ ಈರಪ್ಪ ಬಂದ, ಮೊಣಕಾಲಿನವರೆಗೆ ಕೆಸರು.

‘ಬಂದಾವೇನ್ರೀ ನೀರು?’ ಗೌರಮ್ಮ ಎದ್ದು ನಿಂತೇ ಕೇಳಿದರು.

‘ಅರ್ಧ ಹೊಲಕ್ಕ ಮುಟ್ಯಾವ. ಸಸಿ ಉಳಿತಾವ’ ಎಂದ. ನಗಲಿಲ್ಲ. ‘ಅಕ್ಕಾರ, ಇನ್ನ ಮ್ಯಾಲೆ ನಮ್ಮ ಊರು ಎರಡೆರಡು ಸಲ ಓದ್ರಿ.’

ಗೌರಮ್ಮ ತಲೆಯಾಡಿಸಿ, ಅವತ್ತಿನ ಚೀಟಿಯನ್ನು ಅವನೆದುರೇ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ನಾನು ಬಸ್ಸಿಗೆ ಎದ್ದೆ. ಬಜಾರದ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಈರಪ್ಪ ಅಂಗಡಿಯ ಬಾಗಿಲಲ್ಲಿ ಬೆರಳು ಮಡಿಚಿ ತನ್ನೂರಿನ ಮುಂದಿನ ಸರದಿಗೆ ದಿನ ಎಣಿಸುತ್ತಿದ್ದ.