ಮೊಣಕಾಲಿನ ಜೊತೆ ಚೌಕಾಸಿ

ರಾಯದುರ್ಗದಲ್ಲಿ ನನ್ನ ಜೀನ್ಸ್ ಅಂಗಡಿಯ ಎದುರಿಗೆ ಒಂದು ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತದೆ. ಮೊನ್ನೆ ಸಂಜೆ ಮಗಳು ಶಾಲೆಯಿಂದ ಕುಂಟುತ್ತ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಳು. ಮನೆಯ ಫ್ರಿಜ್ಜು ರಿಪೇರಿಗೆ ಹೋಗಿತ್ತು. ಗಾಡಿಯವನನ್ನು ಒಂದು ಹಿಡಿ ಐಸು ಕೇಳಿದೆ. ಅವನು ಗಡ್ಡೆ ಒಡೆದು, ಮೇಲೆ ಹೊದಿಸಿದ್ದ ಗೋಣಿಯದೇ ಒಂದು ತುಂಡಿನಲ್ಲಿ ಸುತ್ತಿ ಕೊಟ್ಟ. ಒದ್ದೆ ಗೋಣಿಯ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನನ್ನ ಕೈ ತಾನಾಗಿ ನನ್ನ ಎಡ ಮೊಣಕಾಲಿನ ಕೆಳಗೆ ಹೋಯಿತು. ಅಲ್ಲಿ ನೆಲ್ಲಿಕಾಯಿಯಷ್ಟು ಒಂದು ಗಟ್ಟಿ ಗಂಟಿದೆ. ಈಗ ಒತ್ತಿದರೂ ನೋವಿಲ್ಲ. ಆದರೆ ಮುಟ್ಟಿದರೆ ನಮ್ಮ ಡ್ರಿಲ್ ಮೇಡಂ ನೆನಪಾಗುತ್ತಾರೆ...

ನಾನಾಗ ಮಡಕಶಿರಾದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಹದಿಮೂರು ವರ್ಷ. ಗುಡಿಬಂಡೆ ಕಡೆಯ ನಮ್ಮ ಹಳ್ಳಿಯಿಂದ ದಿನಾ ಆಟೋದಲ್ಲಿ ಓಡಾಟ. ಸಂತೆಯ ದಿನ ಅಮ್ಮನ ಪಕ್ಕದಲ್ಲಿ ಕೂತು ಹುಣಸೆಹಣ್ಣು ಮಾರುತ್ತಿದ್ದೆ. ಚೌಕಾಸಿ ನನಗೆ ಕೈಹತ್ತಿದ್ದು ಅಲ್ಲೇ. ಅದು ಬಿಟ್ಟರೆ ನನಗೆ ಗೊತ್ತಿದ್ದದ್ದು ಖೋಖೋ ಒಂದೇ. ಆ ವರ್ಷ ಜೋನಲ್ ಆಟಕ್ಕೆ ದೂರದ ಕ್ರೀಡಾಶಾಲೆಯವರು ನೋಡಲು ಬರುತ್ತಾರೆ ಎಂದು ಸುದ್ದಿಯಿತ್ತು. ಅವರ ಕಣ್ಣಿಗೆ ಬಿದ್ದರೆ ಸೀಟು. ಊಟ, ಓದು, ಶೂ ಎಲ್ಲ ಅಲ್ಲೇ. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿಟ್ಟಿದ್ದೆ.

ಅದೇ ವರ್ಷ ನಾನು ಜೋಳದ ದಂಟಿನ ಹಾಗೆ ಸರ್ರನೆ ಬೆಳೆದೆ. ಖೋಖೋ ಎಂದರೆ ಕೂರುವ, ಏಳುವ ಆಟ. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿರಬೇಕು, ಬೆನ್ನ ಹಿಂದೆ 'ಖೋ' ಎಂದೊಡನೆ ಚಿಮ್ಮಬೇಕು. ಒಂದೊಂದು ಸಲ ಎದ್ದಾಗಲೂ ಮೊಣಕಾಲ ಚಿಪ್ಪಿನ ಕೆಳಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಗಂಟೂ ಎದ್ದಿತು. ಅಜ್ಜಿ ಬಿಸಿ ಹರಳೆಣ್ಣೆ ಹಚ್ಚಿ, ಗಂಟು ಕರಗಲಿ ಎಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದರು. ಮಾರನೆಯ ದಿನ ಕಾಲು ಮಡಚಲೇ ಆಗಲಿಲ್ಲ.

ಮೇಡಂ ಸಣಕಲು ಹೆಂಗಸು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಸೆರಗಿನ ತುದಿಗೆ ಸೀಟಿ. ನನ್ನನ್ನು ಆಟದ ಸಾಮಾನಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದರು. ಅವರಿಗೂ ಅಲ್ಲೇ, ಅಂಥದೇ ಗಂಟು.

"ಮುಟ್ಟು. ನೋವಿಲ್ಲ ನೋಡು. ನಿನ್ನ ವಯಸ್ನಾಗೆ ಬಂದಿದ್ದು, ಆ ವರ್ಷ ನಂಗೆ ಆಟ ತಪ್ತು. ಡಾಕ್ಟ್ರು ಹೇಳಿದ್ರು, ಮೂಳೆ ದೌಡಾಯಿಸಿ ಬೆಳೀತೈತೆ, ತೊಡೆ ನರ ಹಿಂದೆ ಬಿದ್ದೈತೆ, ಅದು ಎಳೀತೈತೆ ಅಂತ. ಬೆಳೆಯೋದು ನಿಂತ್ರೆ ನೋವೂ ನಿಲ್ತೈತೆ. ಅಲ್ಲೀತಂಕ ನಿಮ್ಮಜ್ಜಿ ಕೈಗೆ ಕಾಲು ಕೊಡಬ್ಯಾಡ."

"ಆಟ ಬಿಡಬೇಕಾ ಮೇಡಂ?"

"ಸಂತೇಲಿ ಕೂರೋಳು ಹಿಂಗ್ ಕೇಳ್ತಾಳೇನೇ? ನೀನು ನೂರು ಸಲ ಏಳ್ತೀನಿ ಅಂತೀಯ, ಕಾಲು ಒಂದೂ ಬ್ಯಾಡ ಅಂತೈತೆ. ಮಧ್ಯದಾಗೆ ಎಲ್ಲೋ ಒಂದು ರೇಟು ಐತೆ. ಹುಡುಕು."

ಆ ರೇಟು ಹುಡುಕುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ. ಮೂರರ ತನಕ ಆಡಬಹುದು, ನಾಲ್ಕಾದರೆ ಹೊರಗೆ. ಆದರೆ ಕೊನೆಯ ಮಾತು ಮಾರನೆಯ ಬೆಳಿಗ್ಗೆಯದು. ಮೆಟ್ಟಿಲಿಳಿಯುವಾಗ ನೋವು ಹೋಗಿದ್ದರೆ ನಿನ್ನೆಯ ವ್ಯಾಪಾರ ಸರಿ. ಉಳಿದಿದ್ದರೆ ಇವತ್ತು ಕಮ್ಮಿ ಮಾಡಬೇಕು. ಆಟವಾದ ಮೇಲೆ ಐಸ್‌ಕ್ಯಾಂಡಿಯವನಿಂದ ತಂದ ಐಸನ್ನು ಗೋಣಿಯ ತುಂಡಿನಲ್ಲಿ ಸುತ್ತಿ ಹತ್ತು ನಿಮಿಷ ಇಡುತ್ತಿದ್ದರು. ಗೋಡೆ ಹಿಡಿದು ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಹಿಂದಕ್ಕೆಳೆದು ತೊಡೆ ಸಡಿಲಿಸುವುದನ್ನು ಕಲಿಸಿದರು. ನಾನು ಸದಾ ಎಡಗಾಲಿನ ಮೇಲೇ ಭಾರ ಹಾಕಿ ಏಳುತ್ತೇನೆ ಎಂದು ಕಂಡುಹಿಡಿದವರೂ ಅವರೇ.

ಎರಡು ವಾರದಲ್ಲಿ ಐದಿದ್ದ ನೋವು ಎರಡಕ್ಕಿಳಿಯಿತು. ಅಲ್ಲಿಗೆ ನನ್ನ ಬುದ್ಧಿ ಸಂತೆಯ ಕಡೆ ತಿರುಗಿತು. ಜೋನಲ್ ಆಟ ಹತ್ತಿರವಾದಂತೆ ನಾನು ಜಾಸ್ತಿ ಆಡಿದೆ, ಅಂಕಿ ಮಾತ್ರ ಕಮ್ಮಿ ಹೇಳಿದೆ. ಐದಿದ್ದರೆ ಎರಡು. ಸುಳ್ಳು ಹೇಳುವಾಗ ನನ್ನ ನಾಲಿಗೆ ತೆಲುಗಿಗೆ ಜಾರುತ್ತಿತ್ತು: "ಏಮೀ ಲೇದು ಮೇಡಂ," ಏನೂ ಇಲ್ಲ ಎಂದು. ಮೇಡಂ ತಲೆಯಾಡಿಸುತ್ತಿದ್ದರು. ನಂಬಿದರು ಎಂದುಕೊಂಡೆ.

ಆಟದ ಹಿಂದಿನ ದಿನ ಬೆಳಿಗ್ಗೆ ಪ್ರಾರ್ಥನೆಗೆಂದು ಶಾಲೆಯ ಜಗಲಿಯಿಂದ ಮೈದಾನಕ್ಕೆ ಇಳಿಯುತ್ತಿದ್ದೆ. ಏಳೇ ಮೆಟ್ಟಿಲು. ಕೆಳಗೆ ಮೇಡಂ ನಿಂತಿದ್ದರು. ಆಗಲೇ ನನಗೆ ಗೊತ್ತಾದದ್ದು, ನಾನು ಗೋಡೆಗೆ ಕೈ ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೇನೆ ಎಂದು.

"ಎಷ್ಟು?"

"ಎರಡು..."

"ಮೆಟ್ಲು ಆರು ಅಂತೈತೆ. ನಾಳೆ ನೀನಿಲ್ಲ."

ಸಂಜೆಯವರೆಗೆ ಅತ್ತೆ, ಬೇಡಿದೆ. ಅರ್ಧ ಆಟ ಎಂದೆ, ಕಾಲು ಆಟ ಎಂದೆ. ಅವರು ಜಗ್ಗಲಿಲ್ಲ. ಕೊನೆಗೆ ಎಲ್ಲ ಹುಡುಗಿಯರ ಎದುರಿಗೆ ಅಂದುಬಿಟ್ಟೆ: "ನಿಮ್ಗೆ ಆಡಕ್ಕಾಗಲಿಲ್ಲ ಅಂತ ನನ್ನೂ ಕೂರಿಸ್ತೀರಾ? ಹೊಟ್ಟೆಕಿಚ್ಚು ನಿಮ್ಗೆ."

ಮೇಡಂ ಗೆರೆ ಹಾಕಲು ನೆಲಕ್ಕೆ ಎಳೆದಿದ್ದ ಉದ್ದದ ಹಗ್ಗವನ್ನು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟರು.

"ಸುತ್ತಿಡು. ನಾಳೆ ಬೇಕು."

ಅಷ್ಟೇ. ನಾನು ಕಣ್ಣೀರು ಸುರಿಸುತ್ತ ಸುತ್ತಿದೆ.

ನಮ್ಮ ಶಾಲೆ ಸೋತಿತು. ಚೆನ್ನಾಗಿ ಆಡುವ ಹುಡುಗಿಯನ್ನು ಕೂರಿಸಿದರು ಎಂದು ಸ್ಟಾಫ್ ರೂಮಿನಲ್ಲಿ ಮೇಡಂಗೆ ಮಾತು ಬಂತು. ಆದರೂ ಅವರು ನನ್ನ ಐಸನ್ನು ನಿಲ್ಲಿಸಲಿಲ್ಲ. ನಾನೇ ಅವರ ಮುಖ ನೋಡದೆ ಕಾಲು ಚಾಚುತ್ತಿದ್ದೆ. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಸಾಮಾನಿನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನನ್ನ ಹೆಸರು, ಅದರ ಕೆಳಗೆ ವಾರವಾರಕ್ಕೆ ಎಷ್ಟು ಸಲ ಎದ್ದು ಕೂರಬೇಕೆಂಬ ಅಂಕಿಗಳು ಇದ್ದವು. ಆ ಅಂಕಿಗಳಂತೆಯೇ ನಡೆದೆ. ಆ ವರ್ಷ ಜೋನಲ್ ಆಡಿದೆ, ಗೆದ್ದೆವು. ಕ್ರೀಡಾಶಾಲೆಯವರು ವಯಸ್ಸು ಮೀರಿತು ಎಂದರು. ಹಿಂದಿನ ವರ್ಷ ಆಡಿದ್ದರೆ ಸೀಟು ಸಿಗುತ್ತಿತ್ತೋ, ಕಾಲು ಹೋಗುತ್ತಿತ್ತೋ... ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಒಂದೇ ಹೊಲಿಗೆ ಮಿಷಿನ್ನಿನಿಂದ ಈ ಅಂಗಡಿಯವರೆಗೆ ಬರುವಾಗ, ಮೊದಲ ರೇಟಿಗೆ ಒಪ್ಪದೆ, ಎದ್ದೂ ಹೋಗದೆ ಕೂರುವುದನ್ನು ನಾನು ಕಲಿತದ್ದು ಆ ಗೋಡೆಯಿಂದಲೇ.

ಮಗಳು ವಾಲಿಬಾಲ್ ಆಡುತ್ತಾಳೆ. ಹೋದ ತಿಂಗಳು ಬಳ್ಳಾರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ನಿಮಗೂ ಹೇಳುತ್ತೇನೆ: ಬೆಳೆಯುವ ಮಕ್ಕಳು ಮೊಣಕಾಲು ನೋವೆಂದರೆ ನಾಟಕ ಎನ್ನಬೇಡಿ, ಗಂಟು ತಿಕ್ಕಿಸಬೇಡಿ. ಕೀಲು ಊದಿಕೊಂಡರೆ, ಜ್ವರ ಬಂದರೆ, ಮಲಗಿದರೂ ನೋವು ಹೋಗದಿದ್ದರೆ ಒಂದು ದಿನವೂ ಕಾಯಬೇಡಿ. ನಮ್ಮ ಡಾಕ್ಟರು ಎಕ್ಸ್-ರೇ ನೋಡಿ ಹೇಳಿದ್ದೆಲ್ಲ ಮೇಡಂ ಹೇಳಿದ್ದೇ. ಬರುವಾಗ ಬಸ್ಸಿನಲ್ಲಿ ಹಳೆಯ ಸಹಪಾಠಿಗೆ ಫೋನ್ ಮಾಡಿ, ಮೇಡಂ ಈಗ ಎಲ್ಲಿದ್ದಾರೆ ಎಂದು ಕೇಳಿದೆ. "ತೀರ್ಕೊಂಡು ಎರಡು ವರ್ಷ ಆಯ್ತಲ್ಲೇ," ಎಂದಳು. ಕಣೇಕಲ್ಲು ದಾಟುವವರೆಗೂ ನನ್ನ ಕೈ ಆ ಗಂಟಿನ ಮೇಲೇ ಇತ್ತು.

ಇವತ್ತು ಮಗಳಿಗೆ ಜಿಲ್ಲಾ ತಂಡದ ಆಯ್ಕೆಯಿತ್ತು. ನಿನ್ನೆ ನೋವು ಎಷ್ಟು ಎಂದು ಕೇಳಿದ್ದಕ್ಕೆ "ಎರಡ ಐತಿ ಬಿಡವ್ವಾ," ಎಂದಿದ್ದಳು. ಅಂಗಡಿಯ ಮೇಲೆಯೇ ಮನೆ. ಬೆಳಿಗ್ಗೆ ನಾನು ಮೆಟ್ಟಿಲ ಕೆಳಗೆ ಹೋಗಿ ನಿಂತೆ. ಅವಳು ಬ್ಯಾಗು ಹೆಗಲಿಗೇರಿಸಿ ಬಂದಳು. ಕೈ ಗೋಡೆಯ ಮೇಲಿತ್ತು.

"ಇವತ್ತ ಬ್ಯಾಡವ್ವಾ," ಎಂದೆ.

"ಯಾಕ? ನಿನಗ ಸೀಟು ಸಿಗಲಿಲ್ಲಂತ ನನಗೂ ತಪ್ಪಸ್ತಿಯೇನು?"

ಬಂಡಲು ಕಟ್ಟುವ ಹಗ್ಗ ಕಾಲ ಬಳಿ ಬಿದ್ದಿತ್ತು. ಎತ್ತಿ ಅವಳ ಕೈಗೆ ಕೊಟ್ಟೆ.

"ಸುತ್ತಿಡು. ನಾಳೆ ಬೇಕು."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಮೂಗೊರೆಸಿಕೊಳ್ಳುತ್ತ ಸುತ್ತತೊಡಗಿದಳು. ಅಂದು ನಾನಾಡಿದ ಮಾತಿಗೆ ತಪ್ಪಾಯಿತು ಎನ್ನಲು ನನಗಿನ್ನು ಮೇಡಂ ಇಲ್ಲ. ನಾನು ಗಾಡಿಯವನ ಹತ್ತಿರ ಐಸು ತರಲು ಹೋದೆ. ನಾಳೆ ಬೆಳಿಗ್ಗೆಯೂ ಮೆಟ್ಟಿಲ ಕೆಳಗೆ ನಿಲ್ಲುತ್ತೇನೆ.