ನೆರಳಿನ ಅಂಚಿನಲ್ಲಿ ಮಲಗುತ್ತಿದ್ದವಳು

ಘಟ್ಟದ ಮೇಲಿನ ಜೀರಹಳ್ಳಿ ಕಡೆ ನಾನು ಎಲೆಕೋಸು ಕೊಳ್ಳಲು ಹೋದಾಗಲೆಲ್ಲ ಕೊಯ್ಲಿನ ಹೆಂಗಸರಿಗೆ ಆಕೆಯೇ ಮೇಸ್ತ್ರಿ. ಊಟವಾದ ಮೇಲೆ ಹುಣಸೆಮರದ ನೆರಳಿನ ಅಂಚಿನಲ್ಲಿ ಎಲ್ಲರನ್ನೂ ಮಲಗಿಸಿ ತಾನೂ ಒರಗುತ್ತಿದ್ದಳು. ನೆರಳು ಸರಿದು ಮುಖಕ್ಕೆ ಬಿಸಿಲು ಬಿದ್ದೊಡನೆ ಎದ್ದು ಕತ್ತಿ ಹಿಡಿಯಬೇಕು. “ಬೆನ್ನು ನೆಲ ಮುಟ್ಬೇಕು ಕಣಪ್ಪ” ಎನ್ನುವುದು ಅವಳ ಮಾತು. ಕೆಲಸ ಮಾಡಿಸುವವರು ನೆನಪಿಟ್ಟುಕೊಳ್ಳಿ, ಅದು ನಷ್ಟದ ಹೊತ್ತಲ್ಲ. ದಣಿದ ಕೈ ಕೋಸಿಗೆ ಗಾಯ ಮಾಡುತ್ತದೆ. ಗಾಯವಾದ ಕೋಸು ಘಾಟಿ ಇಳಿದು ಮಾರುಕಟ್ಟೆ ಸೇರುವಷ್ಟರಲ್ಲಿ ಕೊಳೆಯುತ್ತದೆ.

ಒಂದು ದಿನ ಅವರು ಮಲಗಿದ್ದಾಗ ಲಾರಿ ಬಂದು ಕಾಯುತ್ತಿತ್ತು. ಹೊಲದ ಯಜಮಾನ ರೇಗಿದ: “ಏನಮ್ಮೀ, ನನ್ನ ಒಲ ಏನು ನಿಮ್ಮ ಅತ್ತೆಮನೆ ಜಗಲಿಯಾ?”

“ಅತ್ತೆಮನೇಲಿ ಮನಿಕಳಕೆ ಯಾರು ಬುಟ್ಟಿದ್ರು ಗೌಡ್ರೇ?” ಎಂದು ಆಕೆ ಮಗ್ಗುಲಾದಳು.

ಹೆಂಗಸರೆಲ್ಲ ನಕ್ಕರು. ಆ ನಗು ಅವನಿಗೆ ನಾಟಿತು. ಮಾರನೆಯ ದಿನವೇ ಬೇರೆ ಊರಿನ ಗುಂಪನ್ನು ಕರೆಸಿದ. ಅವನನ್ನು ನೋಡಿ ಉಳಿದ ಹೊಲದವರೂ ಆಕೆಯನ್ನು ಕರೆಯುವುದು ಬಿಟ್ಟರು.

ಮೊನ್ನೆ ಮಟಮಟ ಮಧ್ಯಾಹ್ನ ಆಕೆ ತನ್ನ ಮನೆಯ ಮುಂದೆ ಸುಮ್ಮನೆ ಕುಳಿತಿದ್ದಳು. “ಈಗ ಎಬ್ಬಿಸೋರು ಯಾರೂ ಇಲ್ಲವಲ್ಲಮ್ಮ, ಒಂದು ಗಳಿಗೆ ಮಲಗಬಾರದಾ?” ಎಂದೆ.

“ಮೈ ದಣಿದ್ರೆ ತಾನೆ ಕಣಪ್ಪ ನಿದ್ದೆ?” ಎಂದಳು. “ಈಗ ಕಣ್ಣು ಮುಚ್ಚುದ್ರೂ ಬರಕಿಲ್ಲ.”